ವಿಲ್‌ಗಿಂತ ಮುಂಚೆ ಪಹಣಿ: ಕೊಡಗಿನ ಹಿರಿಯರ ತೋಟ, ದುಡ್ಡು, ಕಾಗದ ಪತ್ರ

ವಯಸ್ಸಾದ ಅಪ್ಪ ಅಮ್ಮನ ಆಸ್ತಿ ವಿಷಯ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ವಿಲ್ ಮಾಡಿಸಿದ್ದೀರಾ?" ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲನೆಯದು, ಪಹಣಿಯಲ್ಲಿ ಯಾರ ಹೆಸರಿದೆ? ಎರಡನೆಯದು, ತೋಟ ಮಕ್ಕಳ ಕೈಗೆ ಹೋದ ಮೇಲೆ ನಿಮ್ಮ ಮಾತ್ರೆ, ಗ್ಯಾಸು, ಕರೆಂಟು ಬಿಲ್ಲಿಗೆ ತಿಂಗಳು ತಿಂಗಳು ದುಡ್ಡು ಎಲ್ಲಿಂದ ಬರುತ್ತದೆ? ಈ ಎರಡಕ್ಕೆ ಉತ್ತರ ಇಲ್ಲದೆ ವಿಲ್ ಬರೆದರೆ ನಿಮ್ಮದಲ್ಲದ್ದನ್ನು ಬರೆದುಕೊಟ್ಟ ಹಾಗಾಗಬಹುದು, ಇಲ್ಲವೇ ನಿಮಗೇ ಬೇಕಾದ್ದನ್ನು ಬರೆದುಕೊಟ್ಟ ಹಾಗಾಗಬಹುದು. ಅದಕ್ಕೇ ಇದೇ ಕ್ರಮದಲ್ಲಿ ಹೋಗೋಣ.

ಮೊದಲು ಪಹಣಿ ತೆಗೆಸಿ

ನಿಮ್ಮ ಹತ್ತಿರದ ನಾಡಕಚೇರಿಯಲ್ಲೋ ಭೂಮಿ ವೆಬ್‌ಸೈಟಿನಲ್ಲೋ ಪ್ರತಿ ಸರ್ವೆ ನಂಬರಿನ ಪಹಣಿ ತೆಗೆಸಿ. ಮನೆಯಲ್ಲಿರುವ ಹಳೇ ಪಹಣಿ ಸಾಲದು, ಹೊಸದೇ ಬೇಕು. 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ, 11ನೇ ಕಾಲಂನಲ್ಲಿ ಸಾಲ ಮತ್ತು ಇತರ ಹಕ್ಕುಗಳು. ಎರಡನ್ನೂ ಕನ್ನಡಕ ಹಾಕಿಕೊಂಡು ಓದಿ. ಯಾವತ್ತೋ ತೀರಿಸಿದ ಬೆಳೆ ಸಾಲ 11ನೇ ಕಾಲಂನಲ್ಲಿ ಹಾಗೇ ಕೂತಿರುವುದು ತುಂಬಾ ಸಾಮಾನ್ಯ. ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಂದು ಅದನ್ನು ತೆಗೆಸಿಬಿಡಿ.

9ನೇ ಕಾಲಂನಲ್ಲಿ ಅಜ್ಜನ ಹೆಸರೋ, ತೀರಿಹೋದ ದೊಡ್ಡಪ್ಪನ ಹೆಸರೋ ಇದ್ದರೆ ಮೊದಲು ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಬೇಕು. ಅದಕ್ಕೆ ಮರಣ ಪತ್ರ, ವಂಶವೃಕ್ಷ ಮತ್ತು ವಾರಸುದಾರರ ವಿವರ ಬೇಕು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. "ಅವರಿಗೆ ಬೇಡ ಅಂದಿದ್ದಾರೆ" ಅನ್ನುವ ಬಾಯಿ ಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ನಿಜವಾಗಿಯೂ ಬೇಡ ಅಂತಿದ್ದರೆ ಅವರು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಡಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರ ತಿದ್ದುಪಡಿ ಹೇಳಿತು. ಆ ದಿನ ಅಪ್ಪ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯವಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಖಡಕ್ಕಾಗಿ ಹೇಳಿದೆ. ಹಾಗಾಗಿ ಅತ್ತೆಯಂದಿರ ಪಾಲನ್ನು ಮರೆತು ಬರೆದ ವಿಲ್ ಮುಂದಿನ ತಲೆಮಾರಿಗೆ ಕೋರ್ಟು ಕಟ್ಟಿಕೊಟ್ಟಂತೆ.

ಇನ್ನು ಜಮ್ಮಾ, ಅಂದರೆ ಕೊಡಗಿನಲ್ಲಿ ಒಕ್ಕಕ್ಕೆ (ಒಂದೇ ಮೂಲದ ಮನೆತನಕ್ಕೆ) ತಲೆಮಾರುಗಳಿಂದ ಬಂದ ಹಿಡುವಳಿ. ಹೊರಗಿನವರಿಗೆ ಇದು ಅರ್ಥವೇ ಆಗುವುದಿಲ್ಲ, ನಮ್ಮಲ್ಲೂ ಅರ್ಧ ಜನಕ್ಕೆ ಆಗುವುದಿಲ್ಲ. ಜಮ್ಮಾ ಗದ್ದೆ, ಅದಕ್ಕೆ ಸೇರಿದ ಬಾಣೆ (ಗದ್ದೆಗೆ ಹೊಂದಿದ ಮರಗಿಡದ ಗುಡ್ಡದ ಜಾಗ) ಪಟ್ಟೆದಾರನ, ಅಂದರೆ ಒಕ್ಕದ ಪರವಾಗಿ ದಾಖಲೆಯಲ್ಲಿರುವವನ ಹೆಸರಿನಲ್ಲಿ, ಜೊತೆಗೆ ಒಕ್ಕದ ಇತರರ ಹೆಸರಿನಲ್ಲಿ ಇರುತ್ತದೆ. ಹೆಸರು ಮೇಲೆ ಇದೆ ಅಂತ ಪಟ್ಟೆದಾರ ಇಡೀ ಜಾಗವನ್ನು ವಿಲ್‌ನಲ್ಲಿ ಬರೆಯಲು ಬರುವುದಿಲ್ಲ. ಅವನು ಬರೆಯಬಹುದಾದ್ದು ತನ್ನ ಪಾಲು ಮಾತ್ರ. ಒಕ್ಕದೊಳಗೆ ಬಾಯಿ ಮಾತಿನಲ್ಲಿ "ಆ ತಿಟ್ಟು ನಿಂದು, ಈ ಬದಿ ನಂದು" ಅಂತ ಹಂಚಿಕೊಂಡು ಮೂವತ್ತು ನಲವತ್ತು ವರ್ಷದಿಂದ ತೋಟ ಮಾಡಿದವರು ಎಷ್ಟೋ ಜನ ಇದ್ದಾರೆ. ಅನುಭವ ಅವರದ್ದು, ಪಹಣಿ ಎಲ್ಲರದ್ದು. ಹಿರಿಯರು ಗಟ್ಟಿಯಾಗಿರುವಾಗಲೇ ಸರ್ವೆ ಮಾಡಿಸಿ, ಪಾಲು ಪತ್ರ ನೋಂದಣಿ ಮಾಡಿಸಿ, ಹೆಸರು ಹೆಸರಿಗೆ ಬಿಡಿಸಿಕೊಳ್ಳುವುದು ಒಳ್ಳೆಯದು. ಯಾವ ಕಲ್ಲು ಯಾರ ಗಡಿ ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ, ಅಲ್ವಾ? ಒಕ್ಕದ ಮೂಲ ಮನೆಯಾದ ಐನ್‌ಮನೆಯನ್ನು ಮಾತ್ರ ಈ ಪಾಲಿಗೆ ಎಳೆದು ತರಬೇಡಿ, ಅದು ಒಕ್ಕದ್ದಾಗಿಯೇ ಇರಲಿ.

ಬಾಣೆಯಲ್ಲಿ ಮರ ಇದ್ದರೆ ಆ ಜಾಗ ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ನೋಡಿಕೊಳ್ಳಿ. ಅನ್‌ರಿಡೀಮ್ಡ್ ಬಾಣೆಯ ಮರದ ಮೇಲೆ ಸರ್ಕಾರದ ಹಕ್ಕು ಇರುತ್ತದೆ. "ಕಷ್ಟಕ್ಕೆ ನಾಲ್ಕು ಬೀಟೆ ಮರ ಇದೆಯಲ್ಲ" ಅಂತ ಅದನ್ನು ಮುಪ್ಪಿನ ಉಳಿತಾಯ ಅಂದುಕೊಂಡವರು ಕಾಗದ ನೋಡಿ ಸುಸ್ತಾಗುತ್ತಾರೆ. ಪೈಸಾರಿ, ಅಂದರೆ ಸರ್ಕಾರಿ ಜಾಗವೂ ಹಾಗೇ. ಕಾಫಿ ಎಷ್ಟು ಚೆನ್ನಾಗಿ ಬಂದಿದ್ದರೂ ಅದು ನಿಮ್ಮ ಹೆಸರಿಗೆ ಆಗುವ ತನಕ ಬರೆದುಕೊಡುವ ಆಸ್ತಿ ಅಲ್ಲ. ಪಟ್ಟಿಯಲ್ಲಿ ಬೇರೆ ಬರೆದಿಡಿ, ಅರ್ಜಿ ಹಾಕಿದ್ದರೆ ಅದರ ನಂಬರ್ ಸಮೇತ.

ಮನೆ ಪಂಚಾಯ್ತಿ ಲೆಕ್ಕದಲ್ಲಿದ್ದರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ಖಾತೆ) ದಾಖಲೆಯಲ್ಲೂ ಹೆಸರು ಸರಿಯಿದೆಯಾ ನೋಡಿ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲಿ ಮೂರು ತರ ಹೆಸರು ಇರುವುದು ನಮ್ಮ ಕಡೆ ಮಾಮೂಲು. ಮನೆ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಈಗ ಸರಿ ಮಾಡಿದರೆ ಒಂದು ಅರ್ಜಿಯಲ್ಲಿ ಮುಗಿಯುತ್ತದೆ. ಆಮೇಲೆ ಆದರೆ ಅಫಿಡವಿಟ್ ಮೇಲೆ ಅಫಿಡವಿಟ್.

ಕಾಫಿ ದುಡ್ಡು ವರ್ಷಕ್ಕೊಮ್ಮೆ, ಖರ್ಚು ದಿನಾ

ನೌಕರಿ ಮಾಡಿದವರಿಗೆ ತಿಂಗಳ ಪಿಂಚಣಿ ಇರುತ್ತದೆ. ತೋಟದವರಿಗೆ ರೊಬಸ್ಟಾ ಕೊಯ್ಲು ಮುಗಿದು ಮಾಲು ಕೊಟ್ಟಾಗ ಒಂದು ದೊಡ್ಡ ಮೊತ್ತ ಬರುತ್ತದೆ, ಅದರಲ್ಲಿ ಕೂಲಿ, ಗೊಬ್ಬರ, ಸಾಲ ಕಳೆದು ಉಳಿದದ್ದೇ ವರ್ಷದ ಜೀವನ. 2024-25ರಲ್ಲಿ ರೇಟು ದಾಖಲೆ ಮಟ್ಟಕ್ಕೆ ಹೋದಾಗ ಎಷ್ಟೋ ಮನೆಯಲ್ಲಿ ಹೊಸ ಕಾರು ಬಂತು. ತಪ್ಪೇನಲ್ಲ. ಆದರೆ ಅರವತ್ತು ದಾಟಿದವರು ಒಳ್ಳೆ ವರ್ಷದ ದುಡ್ಡಿನಲ್ಲಿ ಒಂದು ಭಾಗವನ್ನು ತಿಂಗಳ ಆದಾಯವಾಗಿ ಮಾಡಿಕೊಳ್ಳದಿದ್ದರೆ ರೇಟು ಬಿದ್ದ ವರ್ಷ ಮಕ್ಕಳ ಮುಖ ನೋಡಬೇಕಾಗುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜರಿದಾಗ ಕೆಲವರ ತೋಟ, ಮನೆ, ಬೀರುವಿನಲ್ಲಿದ್ದ ಕಾಗದ ಪತ್ರ ಎಲ್ಲವೂ ಒಟ್ಟಿಗೇ ಹೋಯಿತು. ಇದ್ದಬದ್ದ ಆಸ್ತಿಯೆಲ್ಲ ಒಂದೇ ಬೆಟ್ಟದ ಮೇಲೆ ಇರಬಾರದು ಅಂತ ನಾನು ಹೇಳುವುದು ಅದಕ್ಕೇ.

ಸುಲಭದ ದಾರಿ ಪೋಸ್ಟ್ ಆಫೀಸು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 60 ದಾಟಿದ ಒಬ್ಬರು 30 ಲಕ್ಷದ ತನಕ ಇಡಬಹುದು. 2025ರಲ್ಲಿ ಬಡ್ಡಿ 8.2%. ಪೂರ್ತಿ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬರುತ್ತದೆ, ಅಂದರೆ ತಿಂಗಳಿಗೆ 20,500. ಹತ್ತು ಲಕ್ಷ ಇಟ್ಟರೆ ಅದರ ಮೂರನೇ ಒಂದು ಭಾಗ. ಐದು ವರ್ಷದ ಅವಧಿ, ನೀವು ಇಟ್ಟ ದಿನದ ಬಡ್ಡಿಯೇ ಕೊನೆಯ ತನಕ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಖಾತೆ ಮಾಡಬಹುದು. ನಮ್ಮ ಜಿಲ್ಲೆಗೆ ಇನ್ನೊಂದು ಅನುಕೂಲ ಇದೆ: ಸೇನೆಯಿಂದ ನಿವೃತ್ತರಾದವರು 50 ವರ್ಷಕ್ಕೇ ಈ ಖಾತೆ ತೆರೆಯಬಹುದು. ತಿಂಗಳು ತಿಂಗಳೇ ಬೇಕು ಅಂದರೆ ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆ ಇದೆ, 7.4%, ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ. ಈ ಬಡ್ಡಿ ದರಗಳನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಾಗಾಗಿ ಇಡುವ ದಿನ ಕೌಂಟರಿನಲ್ಲಿ ಕೇಳಿಕೊಳ್ಳಿ.

ಬ್ಯಾಂಕಿನ ಠೇವಣಿಗೆ ವಿಮೆ ಇರುವುದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದ ತನಕ. ಸಹಕಾರಿ ಬ್ಯಾಂಕುಗಳಿಗೂ ಇದು ಉಂಟು. ಆದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ, ಕ್ರೆಡಿಟ್ ಸೊಸೈಟಿಯಲ್ಲಿ ಇಟ್ಟ ದುಡ್ಡಿಗೆ ಈ ವಿಮೆ ಇಲ್ಲ. ಇದನ್ನು ಜೋರಾಗಿ ಹೇಳಬೇಕು. ನಮ್ಮ ಹಿರಿಯರು ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ, ಅಧ್ಯಕ್ಷರು ಪರಿಚಯದವರು ಅಂತ ಇದ್ದದ್ದನ್ನೆಲ್ಲ ಅಲ್ಲೇ ಇಡುತ್ತಾರೆ. ಸಂಘ ಒಳ್ಳೆಯದೇ ಇರಬಹುದು, ಬೆಳೆ ಸಾಲಕ್ಕೆ ಅದು ಬೇಕೇ ಬೇಕು. ಜೀವಮಾನದ ಉಳಿತಾಯ ಪೂರ್ತಿ ಅಲ್ಲಿ ಬೇಡ.

ತೆರಿಗೆ ವಿಷಯ ಚುಟುಕಾಗಿ ಹೇಳುತ್ತೇನೆ. ಒಣಗಿಸಿದ ಚೆರ್ರಿಯನ್ನು (ಕಾಫಿ ಹಣ್ಣನ್ನು) ಹಾಗೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ತಾವೇ ಬೆಳೆದದ್ದನ್ನು ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆದು ಬೀಜ ಹಸನು ಮಾಡಿಸಿ) ಮಾರಿದರೆ ಆದಾಯದ 25% ತೆರಿಗೆ ಲೆಕ್ಕಕ್ಕೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ 40%. ಆದರೆ ಠೇವಣಿಯ ಬಡ್ಡಿ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಜೀವನಪೂರ್ತಿ ರಿಟರ್ನ್ ಹಾಕದ ಬೆಳೆಗಾರರು ತೋಟದ ದುಡ್ಡನ್ನು ಠೇವಣಿಗೆ ಹಾಕಿದ ವರ್ಷವೇ ಟಿಡಿಎಸ್ (ಬಡ್ಡಿ ಕೊಡುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ) ನೋಡಿ ಗಾಬರಿಯಾಗುತ್ತಾರೆ. ಹಿರಿಯರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಅದನ್ನು ಹಿಡಿಯುತ್ತಾರೆ, ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಆಸ್ಪತ್ರೆ ಖರ್ಚು ಬೇರೆ ಪಾಕೆಟ್ಟು. ಆರೋಗ್ಯ ವಿಮೆಗೆ 65ರ ಮಿತಿ 2024ರಲ್ಲೇ ಹೋಗಿದೆ, ವೈಯಕ್ತಿಕ ಪಾಲಿಸಿಯ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಕಟ್ಟುವ ಮುಂಚೆ ಒಂದು ಕೆಲಸ ಮಾಡಿ: ನೆಟ್‌ವರ್ಕ್ ಆಸ್ಪತ್ರೆ ಪಟ್ಟಿಯಲ್ಲಿ ಮೈಸೂರು, ಮಂಗಳೂರಿನವು ಯಾವುವು ಅಂತ ನೋಡಿ. ಹಾರ್ಟಿಗೆ, ತಲೆಗೆ ದೊಡ್ಡದೇನಾದರೂ ಬಂದರೆ ನಾವು ಓಡುವುದು ಅಲ್ಲಿಗೇ. ಬೆಂಗಳೂರಿನ ನೂರು ಆಸ್ಪತ್ರೆ ಪಟ್ಟಿಯಲ್ಲಿದ್ದು ಏನು ಪ್ರಯೋಜನ. ಮಾಜಿ ಸೈನಿಕರ ಮನೆಯಲ್ಲಿ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಹೆಂಡತಿಯ ಹೆಸರಿಗೂ ಆಗಿದೆಯಾ, ಪಿಂಚಣಿ ದಾಖಲೆಯಲ್ಲಿ ಅವರ ಹೆಸರು, ಹುಟ್ಟಿದ ದಿನಾಂಕ ಸರಿಯಿದೆಯಾ ನೋಡಿ. ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್ಲಿನಲ್ಲಿ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಕೊಡುವುದು ಮರೆತರೆ ಪಿಂಚಣಿ ನಿಲ್ಲುತ್ತದೆ.

ದಾನಪತ್ರಕ್ಕೆ ಅವಸರ ಬೇಡ

"ನಾನಿರುವಾಗಲೇ ಮಗನ ಹೆಸರಿಗೆ ಮಾಡಿಬಿಡ್ತೇನೆ, ಆಮೇಲೆ ಓಡಾಟ ಯಾಕೆ" ಅನ್ನುವ ಮಾತು ನಮ್ಮಲ್ಲಿ ಜಾಸ್ತಿ. ವಿಲ್ ಆದರೆ ಸಾಯುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ನೋಂದಣಿ ಆದ ಕ್ಷಣ ತೋಟ ನಿಮ್ಮದಲ್ಲ. ಬೆಳೆ ಸಾಲವೂ ನಿಮಗೆ ಸಿಗುವುದಿಲ್ಲ, ಮಾಲು ಕೊಟ್ಟ ದುಡ್ಡೂ ನಿಮ್ಮ ಖಾತೆಗೆ ಬರುವುದಿಲ್ಲ. ಮಗ ಒಳ್ಳೆಯವನೇ. ಅವನಿಗೆ ಏನಾದರೂ ಆದರೆ?

ಕೊಡಲೇಬೇಕು ಅಂತಿದ್ದರೆ ಎರಡು ಷರತ್ತು ಪತ್ರದೊಳಗೇ ಬರೆಸಿ. ಒಂದು, "ನನ್ನ ಮತ್ತು ನನ್ನ ಹೆಂಡತಿಯ ಜೀವಿತಾವಧಿ ತನಕ ಮನೆಯಲ್ಲಿ ವಾಸಿಸುವ ಹಕ್ಕು ಮತ್ತು ತೋಟದ ಇಷ್ಟು ಭಾಗದ ಫಸಲು ನಮ್ಮದು." ಎರಡು, "ಪಡೆದವರು ನಮ್ಮ ಊಟ, ವಸತಿ, ಔಷಧಿ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದೇವೆ." ಎರಡನೆಯದು ಸುಮ್ನೆ ಸಮಾಧಾನಕ್ಕಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ಷರತ್ತು ಮುರಿದರೆ ದಾನವನ್ನೇ ರದ್ದು ಮಾಡಿಸಬಹುದು. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಅಂದರೆ ಎಸಿ ಕೋರ್ಟಿಗೆ. ಷರತ್ತು ಇತ್ತು ಅಂತ ತೋರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿ ನೋಡಿತು, ನಿಜ. ಆದರೂ ಪತ್ರದಲ್ಲೇ ಬರೆದಿದ್ದರೆ ವಾದಕ್ಕೇ ಜಾಗ ಇರುವುದಿಲ್ಲ.

ಮಕ್ಕಳು ಹೊರದೇಶದಲ್ಲಿ ನೆಲೆಸಿದ್ದರೆ ಇದು ಇನ್ನೂ ಮುಖ್ಯ. ವಿದೇಶದಲ್ಲಿ ನೆಲೆಸಿದವರು, ಒಸಿಐ ಕಾರ್ಡ್ ಇರುವವರು (ಭಾರತೀಯ ಮೂಲದ ವಿದೇಶಿ ಪ್ರಜೆಗಳು) ಕೃಷಿ ಜಮೀನು, ಪ್ಲಾಂಟೇಶನ್ನು, ಫಾರ್ಮ್ ಹೌಸನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ವಾರಸಿನಲ್ಲಿ ಬಂದರೆ ಪಡೆಯಬಹುದು. ಅಂದರೆ ಅಮೆರಿಕಾದಲ್ಲಿರುವ ಮಗಳಿಗೆ ಕಾಫಿ ತೋಟ ಕೊಡಲು ದಾನಪತ್ರ ಅಲ್ಲ, ವಿಲ್ ಸರಿಯಾದ ದಾರಿ. ಊರಿನಲ್ಲಿ ಇರುವವರಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದರೆ ಅದು ಕೊಟ್ಟವರು ಸತ್ತ ಕ್ಷಣ ಮುಗಿಯುತ್ತದೆ. ಅದನ್ನು ವಿಲ್ ತರ ಬಳಸುತ್ತೇನೆ ಅಂದುಕೊಳ್ಳಬೇಡಿ.

ಈಗ ವಿಲ್

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ನೀವು ಸಹಿ ಮಾಡಬೇಕು, ಇಬ್ಬರು ಸಾಕ್ಷಿಗಳು ನೀವು ಸಹಿ ಮಾಡಿದ್ದನ್ನು ನೋಡಿ ತಾವೂ ಸಹಿ ಮಾಡಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಆಸ್ತಿ ಪಡೆಯುವವರು ಆಗಿರಬಾರದು. ನೋಂದಣಿ ಕಡ್ಡಾಯವಲ್ಲ, ಆದರೆ ನಾನು ಮಾಡಿಸಿ ಅಂತಲೇ ಹೇಳುತ್ತೇನೆ. ಓಡಾಡಲು ಆಗದವರಿಗೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಣಿ ಮಾಡುವ ಅವಕಾಶ ಕಾನೂನಿನಲ್ಲಿದೆ. ಎಂಬತ್ತು ದಾಟಿದ್ದರೆ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟು ಜೊತೆಗಿರಲಿ, ಬುದ್ಧಿ ಸರಿಯಿತ್ತು ಅಂತ. ಮುಸ್ಲಿಂ ಕುಟುಂಬಗಳಲ್ಲಿ ಇತರ ವಾರಸುದಾರರು ಒಪ್ಪದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿಲ್ ಮಾಡಲು ಬರುವುದಿಲ್ಲ, ಅದು ನೆನಪಿರಲಿ.

ವಕೀಲರು ಬರೆದುಕೊಡುವ ವಿಲ್‌ಗಳಲ್ಲಿ ಸರ್ವೆ ನಂಬರ್, ಎಕರೆ, ಸೆಂಟ್ ಎಲ್ಲಾ ಸರಿಯಾಗಿರುತ್ತದೆ. ಬಿಟ್ಟುಹೋಗುವುದು ತೋಟ ನಡೆಸುವವರಿಗೆ ಮಾತ್ರ ಗೊತ್ತಿರುವ ವಿಷಯ. ಆರು ಎಕರೆಯಲ್ಲಿ ಮೇಲಿನ ಮೂರು ಮಗನಿಗೆ, ಕೆಳಗಿನ ಮೂರು ಮಗಳಿಗೆ ಅಂತ ಬರೆದಿರಿ ಅನ್ನಿ. ಕೆರೆ ಕೆಳಗೆ. ಫೆಬ್ರವರಿಯಲ್ಲಿ ಹೂ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಲು ಮಗನಿಗೆ ನೀರು ಬೇಕು. ರಸ್ತೆ ಮೇಲಿನಿಂದ, ಮಗಳ ಜೀಪು ಒಳಗೆ ಬರಬೇಕಾದರೆ ಅಣ್ಣನ ತೋಟದೊಳಗೇ ಬರಬೇಕು. ಕಣ ಒಂದೇ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಒಂದೇ. ಕೆಲಸದವರ ಲೈನ್ ಮನೆ ಒಂದು ಸಾಲು. ಜಗಳ ಎಕರೆಗೆ ಬರುವುದಿಲ್ಲ, ಈ ಕೆರೆಗೆ ಮತ್ತು ದಾರಿಗೆ ಬರುತ್ತದೆ. ಅದಕ್ಕೇ ಹೀಗೆ ಬರೆಸಿ: "ಕೆರೆಯ ನೀರಿನಲ್ಲಿ ಇಬ್ಬರಿಗೂ ಸಮ ಹಕ್ಕು, ಹೂವಿಗೆ ನೀರು ಹಾಯಿಸುವಾಗ ದಿನ ಬಿಟ್ಟು ದಿನ, ಗೇಟಿನಿಂದ ಕೆಳಗಿನ ತೋಟದ ತನಕ ಈಗಿರುವ ಜೀಪು ದಾರಿ ಇಬ್ಬರದ್ದೂ, ಕಣ ಇಬ್ಬರದ್ದೂ." ಕರೆಂಟ್ ಮೀಟರ್ ಯಾರ ಹೆಸರಿಗೆ ಅನ್ನುವುದನ್ನೂ ಸೇರಿಸಿ.

ಗಿಡದಲ್ಲಿ ನಿಂತ ಫಸಲಿನ ಬಗ್ಗೆ ಒಂದು ಸಾಲು ಬೇಕು. ಡಿಸೆಂಬರಿನಲ್ಲಿ ಯಜಮಾನ ತೀರಿಕೊಂಡರೆ ಹಣ್ಣಾಗುತ್ತಿರುವ ಕಾಫಿ, ಬಳ್ಳಿಯ ಮೆಣಸು ಯಾರದ್ದು? ಕೊಯ್ಲಿನ ಖರ್ಚು ಯಾರು ಹಾಕಬೇಕು? "ಆ ವರ್ಷದ ಫಸಲಿನಿಂದ ಸಾಲ ಮತ್ತು ಕೂಲಿ ತೀರಿಸಿ ಉಳಿದದ್ದು ನನ್ನ ಹೆಂಡತಿಗೆ" ಅಂತ ಬರೆದರೆ ಮುಗಿಯಿತು.

ಒಡವೆಗೂ ಹೆಸರು ಹಿಡಿದು ಬರೆಯಿರಿ. ಜೋಮಾಲೆ ಯಾರಿಗೆ, ಕೊಕ್ಕೆತಾತಿ ಯಾರಿಗೆ, ಪಥಕ್ ಯಾರಿಗೆ. ಇದನ್ನು ಅಮ್ಮಂದಿರೇ ಕೂತು ಬರೆಯಲಿ, ಗಂಡಸರಿಗೆ ಯಾವುದು ಯಾವುದು ಅಂತಲೂ ಗೊತ್ತಿರುವುದಿಲ್ಲ. ಮನೆಯಲ್ಲಿ ಕೋವಿ ಇದ್ದರೆ ಪಟ್ಟಿಯಲ್ಲಿ ಸೇರಿಸಿ. ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಪತ್ರ ಇರುವುದು ಒಬ್ಬ ವ್ಯಕ್ತಿಯ ಹೆಸರಿನಲ್ಲಿ, ಅವರ ನಂತರ ಅದನ್ನು ಗೋಡೆಯಲ್ಲಿ ಹಾಗೇ ತೂಗುಹಾಕಿದ್ದರೆ ತೊಂದರೆ ಮನೆಯವರಿಗೆ.

ನಾಮಿನಿ ವಿಷಯದಲ್ಲಿ ತಪ್ಪು ತಿಳುವಳಿಕೆ ತುಂಬಾ ಇದೆ. ಬ್ಯಾಂಕಿನ ನಾಮಿನಿ ದುಡ್ಡು ಕೈಗೆ ತೆಗೆದುಕೊಳ್ಳುವವರು ಅಷ್ಟೇ, ಅದರ ಒಡೆಯರಲ್ಲ. ವಿಲ್ ಪ್ರಕಾರವೋ ವಾರಸಿನ ಪ್ರಕಾರವೋ ಅವರು ಹಂಚಬೇಕು. ಷೇರು, ಮ್ಯೂಚುವಲ್ ಫಂಡಿಗೂ ಇದೇ ಅಂತ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜೀವ ವಿಮೆಯಲ್ಲಿ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ನಾಮಿನಿಯಾದರೆ ಮಾತ್ರ ಬೇರೆ, ಅಲ್ಲಿ ದುಡ್ಡು ಅವರದ್ದೇ. ಆದರೂ ನಾಮಿನಿ ಹಾಕದೆ ಇರಬೇಡಿ, ಇಲ್ಲದಿದ್ದರೆ ಸಣ್ಣ ಮೊತ್ತಕ್ಕೂ ಅಲೆದಾಟ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ನಾಮಿನಿಗಳ ತನಕ ಹಾಕಬಹುದು, ಯಾರಿಗೆ ಎಷ್ಟು ಪರ್ಸೆಂಟ್ ಅಂತಲೂ. ಹಳೇ ಖಾತೆಗಳಲ್ಲಿ ತೀರಿಹೋದ ತಾಯಿಯೇ ಇನ್ನೂ ನಾಮಿನಿ ಆಗಿರುತ್ತಾರೆ, ಅದನ್ನು ಬದಲಾಯಿಸಿ.

ಮಕ್ಕಳು ಮಾಡಬೇಕಾದ್ದು

ಒಂದು ಉದ್ದ ನೋಟ್‌ಬುಕ್ಕು ತಂದು ಅಪ್ಪ ಅಮ್ಮನ ಹತ್ತಿರ ಕೂತು ಬರೆಸಿ. ಖಾತೆಗಳು, ಪಾಲಿಸಿಗಳು, ಲಾಕರ್, ಯಾರಿಗೆ ಕೊಟ್ಟ ಕೈಸಾಲ, ಯಾರಿಂದ ತಂದದ್ದು. ಮುಖ್ಯವಾಗಿ, ಯಾರ್ಯಾರ ಸಾಲಕ್ಕೆ ಜಾಮೀನು ಹಾಕಿದ್ದಾರೆ. ನಮ್ಮ ಕಡೆ ಸಂಕೋಚಕ್ಕೆ ಸಹಿ ಹಾಕಿದ ಜಾಮೀನು ಎಷ್ಟಿರುತ್ತದೋ ಲೆಕ್ಕವಿಲ್ಲ. ಫೋನಿನಲ್ಲಿ ಪೊಲೀಸ್ ಅಂತ ಹೇಳಿ "ಡಿಜಿಟಲ್ ಅರೆಸ್ಟ್" ಮಾಡುವ ಕಾನೂನು ಈ ದೇಶದಲ್ಲಿ ಇಲ್ಲ ಅಂತಲೂ ಅವರಿಗೆ ಬಿಡಿಸಿ ಹೇಳಿ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಿರಿಯರಿಗೆ ಬೇರೆ ತೊಂದರೆಗೆ ಸಹಾಯವಾಣಿ 14567 ಇದೆ.

ಇವೆಲ್ಲ ಮಾಡಲು ಒಳ್ಳೆ ಸಮಯ ಏಪ್ರಿಲ್, ಮೇ. ಕೊಯ್ಲು ಮುಗಿದು ಕೈಯಲ್ಲಿ ದುಡ್ಡಿರುತ್ತದೆ, ಹೊರಗಿರುವ ಮಕ್ಕಳು ರಜೆಗೆ ಬಂದಿರುತ್ತಾರೆ, ಸರ್ವೆಯವರಿಗೂ ಗಡಿ ಕಲ್ಲು ಕಾಣುತ್ತದೆ. ಜುಲೈಯ ಮಳೆಯಲ್ಲಿ ತಾಲ್ಲೂಕು ಕಚೇರಿಗೆ ಹೋದರೆ ಕರೆಂಟ್ ಇದ್ದರೆ ಸರ್ವರ್ ಇಲ್ಲ, ಸರ್ವರ್ ಇದ್ದರೆ ರಸ್ತೆ ಇಲ್ಲ.

ಯಾರಾದರೂ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ಪತ್ರದ ಪ್ರತಿಗಳನ್ನು ಧಾರಾಳವಾಗಿ ತೆಗೆದಿಡಿ. ತೀರಿಕೊಂಡವರ ಎಟಿಎಂ ಕಾರ್ಡಿನಲ್ಲಿ ದುಡ್ಡು ತೆಗೆಯಬೇಡಿ, ಪಿನ್ ಗೊತ್ತಿದ್ದರೂ. ಅದು ಮುಂದೆ ಅಣ್ಣ ತಮ್ಮಂದಿರ ನಡುವೆಯೇ ದೂರಾಗಿ ಬರುತ್ತದೆ. ಪಿಂಚಣಿ ಕಚೇರಿಗೆ ಬೇಗ ತಿಳಿಸಿ, ಜಾಸ್ತಿ ಬಂದ ತಿಂಗಳುಗಳ ದುಡ್ಡನ್ನು ಅವರು ವಾಪಸ್ ಹಿಡಿಯುತ್ತಾರೆ, ಕುಟುಂಬ ಪಿಂಚಣಿಯೂ ಅರ್ಜಿ ಕೊಟ್ಟ ಮೇಲೆಯೇ ಶುರು. ಎಲ್ಲೋ ಮರೆತ ಖಾತೆ ಇರಬಹುದು ಅನಿಸಿದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ಲಿನಲ್ಲಿ ಹೆಸರು ಹಾಕಿ ಹುಡುಕಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ಬೇರೆ ನಿಧಿಗೆ ಹೋಗಿರುತ್ತದೆ, ಆದರೂ ವಾರಸುದಾರರು ಕೇಳಿ ಪಡೆಯಬಹುದು. ವಿಲ್ ಇದ್ದರೆ ಕರ್ನಾಟಕದಲ್ಲಿ ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟು ಕೊಡುವ ಪ್ರಮಾಣ) ಕಡ್ಡಾಯವಲ್ಲ. ವಿಲ್ ಮತ್ತು ಮರಣ ಪತ್ರ ಹಿಡಿದು ಖಾತೆ ಬದಲಾವಣೆಗೆ ಅರ್ಜಿ ಹಾಕಬಹುದು. ಯಾರಾದರೂ ತಕರಾರು ಹಾಕಿದರೆ ಮಾತ್ರ ವಿಷಯ ಕೋರ್ಟಿಗೆ ಹೋಗುತ್ತದೆ. ಈ ಅರ್ಜಿಯನ್ನು ಮುಂದಿನ ಬೆಳೆ ಸಾಲದ ನವೀಕರಣಕ್ಕಿಂತ ಮುಂಚೆ ಹಾಕಿ, ಯಾಕೆಂದರೆ ಸಂಘದವರು ಸಾಲ ಕೊಡುವುದು ಪಹಣಿಯಲ್ಲಿ ಹೆಸರಿರುವವರಿಗೆ.